ತುಂಬಿಸಬಾರದ ಪೀಪಾಯಿ

ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಮೆಟ್ಟಿಲು ಹತ್ತಬೇಡಿ, ಇಳಿಯಬೇಡಿ ಎಂದು ಹೇಳಿ ಕಳಿಸಿದರು. ಹೇಳುವುದಕ್ಕೇನು. ನಮ್ಮ ಮನೆಯಲ್ಲಿ ಹತ್ತದೆ ಇಳಿಯದೆ ಒಂದು ಕೆಲಸವೂ ಆಗುವುದಿಲ್ಲ. ಮನೆಯ ಹಿಂದೆ ಹತ್ತಿದರೆ ದ್ರಾಕ್ಷಿತೋಟ, ಅಡುಗೆಮನೆಯ ಪಕ್ಕದಲ್ಲಿ ಇಳಿದರೆ ವೈನಿನ ನೆಲಮಾಳಿಗೆ. ಮದುವೆಯಾಗಿ ಬಂದಾಗಿನಿಂದ ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು. ಚಳಿಗಾಲದಲ್ಲಿ ಬಳ್ಳಿ ಕತ್ತರಿಸಿ, ಬೇಸಿಗೆಯಲ್ಲಿ ಕಟ್ಟಿ, ಕೊಯ್ಲಿನಲ್ಲಿ ಬಂದವರಿಗೆಲ್ಲ ಬೇಯಿಸಿ ಹಾಕಿ ಸಾಕಾಗಿಹೋಗಿತ್ತು. ಕೊನೆಕೊನೆಗೆ ಬೆಳಿಗ್ಗೆ ಎದ್ದು ಚಪ್ಪಲಿ ಹುಡುಕುವುದೂ ಒಂದು ದೊಡ್ಡ ಕೆಲಸದಂತೆ ಕಾಣುತ್ತಿತ್ತು.

ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಗಂಡ ಅನ್ಸೆಲ್ಮ್ ನೆಲಮಾಳಿಗೆಯ ಕೀಲಿಕೈಯನ್ನು ನಮ್ಮ ಸೊಸೆಗೆ ಕೊಟ್ಟುಬಿಡಬೇಕು. ಆರ್ಬುವಾ ಪಟ್ಟಣದಲ್ಲಿ ಲಿಫ್ಟ್ ಇರುವ ಒಂದು ಸಣ್ಣ ಮನೆ ನೋಡಿಟ್ಟಿದ್ದೆ. ಅಲ್ಲಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಬೇರೆಯವರು ಚಳಿಯಲ್ಲಿ ಕೆಲಸಕ್ಕೆ ಹೋಗುವುದನ್ನು ನೋಡುತ್ತ ಕೂತಿರಬೇಕು ಅಂತ ಆಸೆ. ಅದಕ್ಕಿಂತ ದೊಡ್ಡ ಆಸೆ ಯಾವುದೂ ಉಳಿದಿರಲಿಲ್ಲ.

ನಮ್ಮ ಮನೆತನದಲ್ಲಿ ಕೀಲಿಕೈ ಕೊಡುವುದಕ್ಕೆ ಒಂದು ರೀತಿ ಇದೆ. ಜನವರಿಯಲ್ಲಿ ದ್ರಾಕ್ಷಿ ಬೆಳೆಗಾರರ ಸಂತ ವಿನ್ಸೆಂಟನ ಹಬ್ಬ ಬರುತ್ತದೆ. ಆವತ್ತು ಎಲ್ಲರೂ ಊಟಕ್ಕೆ ಕೂತ ಮೇಲೆ ಮನೆಯ ಹಿರಿಯರು ಜೇಬಿನಿಂದ ಕೀಲಿಕೈ ತೆಗೆದು, ಮುಂದೆ ಯಾರು ನೋಡಿಕೊಳ್ಳಬೇಕೋ ಅವರ ತಟ್ಟೆಯ ಪಕ್ಕ ಇಡುತ್ತಾರೆ. ಭಾಷಣ ಇಲ್ಲ, ಚಪ್ಪಾಳೆ ಇಲ್ಲ. ಪಡೆದವರು ಅದನ್ನು ಜೇಬಿಗೆ ಹಾಕಿಕೊಂಡು ಊಟ ಮುಂದುವರಿಸಬೇಕು, ಅಷ್ಟೇ. ಅನ್ಸೆಲ್ಮನ ಅಪ್ಪ ಹಾಗೆ ಇಟ್ಟಾಗ ನಾನು ಹೊಸ ಸೊಸೆ, ಆಲೂಗಡ್ಡೆ ಬಡಿಸುತ್ತಿದ್ದೆ. ನನ್ನ ಗಂಡನ ಕೈ ನಡುಗಿದ್ದನ್ನು ನೋಡಿದವಳು ನಾನೊಬ್ಬಳೇ. ಆಮೇಲೆ ಆ ಕೀಲಿಕೈ ಅವನ ಒಳಕೋಟಿನ ಎಡಜೇಬು ಬಿಟ್ಟು ಅಲುಗಿದ್ದಿಲ್ಲ. ಎಷ್ಟು ಒಳಕೋಟು ಹರಿದವೋ ಏನೋ, ಪ್ರತಿ ಹೊಸದರ ಎಡಜೇಬಿಗೂ ದಪ್ಪ ಬಟ್ಟೆ ಕೊಟ್ಟು ಹೊಲಿದವಳು ನಾನು. ಅಷ್ಟು ಭಾರ ಅದು.

ಸೊಸೆಗೆ ಯಾಕೆ, ಮಗ ಇಲ್ಲವೇ ಎಂದು ಕೇಳಿದರೆ, ಇದ್ದಾನೆ. ತಿಬೋ ಊರಿನ ಸಹಕಾರಿ ಡೈರಿಯಲ್ಲಿ ಚೀಸ್ ಮಾಡುತ್ತಾನೆ. ಅವನ ಮೂಗಿಗೆ ಹಾಲಿನ ವಾಸನೆ ಒಗ್ಗಿತು, ವೈನಿನದು ಒಗ್ಗಲಿಲ್ಲ. ಆದರೆ ಪುಣ್ಯಾತ್ಮ ಪಕ್ಕದ ಬರ್ಗಂಡಿ ಸೀಮೆಯ ವೈನ್ ಮನೆತನದ ಹುಡುಗಿಯನ್ನು ಕಟ್ಟಿಕೊಂಡು ಬಂದ. ಅವಳ ಹೆಸರು ಅಪೊಲಿನ್. ಸಣಕಲು ಮೈ, ಕೆಲಸಕ್ಕೆ ನಿಂತರೆ ರಾಕ್ಷಸಿ. ಬಂದ ಮೊದಲ ವಾರವೇ ನೆಲಮಾಳಿಗೆಯಲ್ಲಿ ಅವಳಿಗೂ ಮಾವನಿಗೂ ಜಟಾಪಟಿ ಆಯಿತು.

ಬರ್ಗಂಡಿಯವರ ಪ್ರಕಾರ ಪೀಪಾಯಿಯಲ್ಲಿ ಒಂದು ಬೆರಳಷ್ಟೂ ಖಾಲಿ ಇರಬಾರದು. ಮರದ ಮೂಲಕ ವೈನ್ ಒಂದಿಷ್ಟು ಆರಿಹೋಗುತ್ತದೆ, ಆ ಜಾಗದಲ್ಲಿ ಗಾಳಿ ಸೇರಿದರೆ ಉಳಿದದ್ದು ಕೆಡುತ್ತದೆ ಎಂದು ಶನಿವಾರ ಶನಿವಾರ ಉದ್ದ ಮೂತಿಯ ಕ್ಯಾನು ಹಿಡಿದು ಅಂಚಿನವರೆಗೆ ತುಂಬಿಸುತ್ತಾರೆ. ಅವಳು ಅಂಬೆಗಾಲಿಡುವಾಗಿನಿಂದ ನೋಡಿದ್ದು ಅದನ್ನೇ. ನಮ್ಮ ಪೀಪಾಯಿಗಳಲ್ಲಿ ಗೇಣುದ್ದ ಖಾಲಿ ನೋಡಿ ಗಾಬರಿಯಾದಳು.

“ಮಾವ, ಇದನ್ನ ಯಾರೂ ತುಂಬ್ಸೇ ಇಲ್ವಲ್ಲ,” ಅಂದಳು, ಯಾರೋ ಹಸುವಿಗೆ ನೀರು ಕುಡಿಸುವುದನ್ನು ಮರೆತಿದ್ದಾರೆ ಅನ್ನುವ ಹಾಗೆ.

ಅನ್ಸೆಲ್ಮ್ ಅವಳ ಕೈಗೆ ಟಾರ್ಚ್ ಕೊಟ್ಟ. “ಬಿರಡೆ ತೆಗೆದು ಒಳಗೆ ನೋಡು. ಮುಟ್ಬೇಡ. ಉಸಿರೂ ಬಿಡ್ಬೇಡ.”

“ಮೇಲೆ ಏನೋ ಕಟ್ಕೊಂಡಿದೆ.”

“ಕೆನೆ. ಹಾಲಿನ ಮೇಲೆ ಕಟ್ಟಲ್ವಾ, ಹಾಗೆ. ಹಳದಿ ವೈನ್ ಆಗೋದೇ ಆ ಕೆನೆ ಕೆಳಗೆ. ಆರು ವರ್ಷ ದಾಟೋವರೆಗೂ ಅದು ಹಂಗೇ ಮಲಗಿರ್ಬೇಕು. ನಿಮ್ಮೂರಲ್ಲಿ ತುಂಬ್ಸದೇ ಇದ್ರೆ ಕೆಡುತ್ತೆ. ಇಲ್ಲಿ ತುಂಬ್ಸಿದ್ರೆ ಕೆನೆ ಒಡೆದು ಮುಳುಗುತ್ತೆ, ಅಲ್ಲಿಗೆ ಮುಗೀತು. ಗೊತ್ತಾಯ್ತಾ?”

“ಗೊತ್ತಾಯ್ತು ಮಾವ.”

“ಗೊತ್ತಾಗಿಲ್ಲ. ಬರ್ಗಂಡಿಯವರ ಕೈ ಸುಮ್ನಿರಲ್ಲ. ಇನ್ನೊಂದು ಸಲ ಹೇಳು ನೋಡೋಣ.”

ಪಾಪ, ಅವಳು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಇನ್ನೊಂದು ಸಲ ಹೇಳಿದಳು. ಅವನು ಮುಂದೆ ತಿಂಗಳುಗಟ್ಟಲೆ ಊಟದ ನಡುವೆ, ತೋಟದ ನಡುವೆ, ಬಂದವರ ಎದುರಿಗೆ ಅದನ್ನೇ ಹೇಳಿಸಿ ಗೋಳು ಹುಯ್ದುಕೊಂಡ. ಅವಳು ಬೇಜಾರು ಮಾಡಿಕೊಳ್ಳದೆ ಪ್ರತಿ ಸಲವೂ ಒಪ್ಪಿಸಿದಳು.

ಹಾಗಂತ ಅವಳ ಮಾತು ನಡೆಯಲೇ ಇಲ್ಲ ಅಂತಲ್ಲ. ನೆಲಮಾಳಿಗೆಯ ಎಡಗಡೆಯ ಸಾಲಿನಲ್ಲಿ ತನ್ನೂರಿನ ರೀತಿಯಲ್ಲಿ ತುಂಬಿಸುವ ಬಿಳಿ ವೈನ್ ಇಟ್ಟಳು. ಬಲಗಡೆಯ ಸಾಲು ಮಾತ್ರ ನಮ್ಮ ಹಳದಿ ವೈನಿನದು, ಯಾರೂ ಮುಟ್ಟಬಾರದ್ದು. ಎಡಗಡೆಯದಕ್ಕೆ ಗಿರಾಕಿಗಳು ಬರತೊಡಗಿದ ಮೇಲೆ ಅನ್ಸೆಲ್ಮ್ ಗೊಣಗುತ್ತಲೇ ಶನಿವಾರದ ತುಂಬಿಸುವ ಕೆಲಸವನ್ನು ತಾನೇ ವಹಿಸಿಕೊಂಡ. “ನನಗೂ ಬರುತ್ತೆ ಕಣಮ್ಮ ನಿಮ್ಮ ಬರ್ಗಂಡಿ ವಿದ್ಯೆ,” ಅನ್ನುತ್ತಿದ್ದ.

ಬಲಗಡೆಯ ಸಾಲಿನ ಕೊನೆಯ ಪೀಪಾಯಿ ಸೆಲೆಸ್ತಳದು. ಸೆಲೆಸ್ತ್ ಎಂದರೆ ಅಪೊಲಿನ್ ಹೆತ್ತ ನಮ್ಮ ಮೊಮ್ಮಗಳು. ಮನೆಯಲ್ಲಿ ಮಗು ಹುಟ್ಟಿದ ವರ್ಷದ ಕೊಯ್ಲಿನಲ್ಲಿ ಒಂದು ಪೀಪಾಯಿಯನ್ನು ಅದರ ಹೆಸರಿಗೆ ಬಿಡುವುದು ನಮ್ಮಲ್ಲಿ ನಡೆದುಬಂದದ್ದು. ಮಗುವಿಗೆ ಏಳು ತುಂಬುವ ಹೊತ್ತಿಗೆ ವೈನ್ ತಯಾರಾಗುತ್ತದೆ. ಅದನ್ನು ಗಿಡ್ಡ ಸೀಸೆಗಳಿಗೆ ಇಳಿಸಿ ಅದರ ಮದುವೆಗೆ ಎಂದು ಎತ್ತಿಡುತ್ತೇವೆ. ಸೆಲೆಸ್ತಳಿಗೆ ಈಗ ಐದು ನಡೆಯುತ್ತಿದೆ. ಅನ್ಸೆಲ್ಮ್ ಚಾಕ್‌ಪೀಸಿನಲ್ಲಿ ಅವಳ ಹೆಸರು ಬರೆದು, ಆ ಪೀಪಾಯಿಯ ಮುಂದೆ ಹಾದುಹೋಗುವಾಗಲೆಲ್ಲ ಟೋಪಿ ತೆಗೆಯುತ್ತಿದ್ದ. ಚರ್ಚಿನಲ್ಲೂ ಹಾಗೆ ತೆಗೆದವನಲ್ಲ ಅಂತ ನಾನು ಅಣಕಿಸುತ್ತಿದ್ದೆ.

ಈ ಸಲದ ಹಬ್ಬಕ್ಕೆ ಕೀಲಿಕೈ ಅಪೊಲಿನ್‌ಗೆ ಎಂದು ಅವನು ನನಗೆ ಹೇಳಿಯೂ ಆಗಿತ್ತು. ನಾನು ಮನಸ್ಸಿನಲ್ಲೇ ಪಾತ್ರೆಗಳನ್ನು ಕಟ್ಟತೊಡಗಿದ್ದೆ. ಹಬ್ಬಕ್ಕೆ ವಾರವಿದೆ ಅನ್ನುವಾಗ ಬಲಗಡೆಯ ಸಾಲು ಪರೀಕ್ಷೆ ಮಾಡೋಣ ಬನ್ನಿ ಎಂದು ಎಲ್ಲರನ್ನೂ ಕೆಳಗೆ ಕರೆದ. ಡಾಕ್ಟರ ಮಾತು ಮೀರಿ ನಾನೂ ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತೆ. ಅವನ ಪರೀಕ್ಷೆ ಶುರುವಾಗುವುದು ಕಿವಿಯಿಂದ. ಬೆರಳಿನ ಗೆಣ್ಣಿನಿಂದ ಪೀಪಾಯಿಯ ಮೇಲ್ಭಾಗವನ್ನು ಕುಟ್ಟುತ್ತಾನೆ. ಒಳಗೆ ಖಾಲಿ ಇದ್ದರೆ ಡೊಳ್ಳಿನ ಹಾಗೆ ಟೊಳ್ಳು ಸದ್ದು ಬರುತ್ತದೆ. ಕುಟ್ಟುತ್ತ ಕುಟ್ಟುತ್ತ ಬಂದ. ಸೆಲೆಸ್ತಳ ಪೀಪಾಯಿಗೆ ಬಂದಾಗ ಟಪ್ ಎಂದು ಗಟ್ಟಿ ಸದ್ದು ಬಂತು.

ಮತ್ತೆ ಕುಟ್ಟಿದ. ಅದೇ ಸದ್ದು. ಬಿರಡೆ ತೆಗೆದು ಟಾರ್ಚ್ ಹಿಡಿದ. ವೈನ್ ಅಂಚಿನವರೆಗೆ ಬಂದು ನಿಂತಿತ್ತು. ಕೆನೆ ಇರಲಿಲ್ಲ. ಅದರ ಹರಿದ ಚೂರುಗಳು ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು.

“ಯಾರು ತುಂಬ್ಸಿದ್ದು ಇದನ್ನ?” ಅವನ ದನಿ ತೀರಾ ಸಣ್ಣಗಾಗಿತ್ತು.

ಅಪೊಲಿನ್ ಮಾವನ ಮುಖವನ್ನೇ ನೋಡುತ್ತಿದ್ದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

“ನಾನು ಮಾವ. ಹೋದ ಶನಿವಾರ ನಿಮ್ಮ ಕೆಲಸ ಹಗುರ ಮಾಡೋಣ ಅಂತ ಕ್ಯಾನು ತಗೊಂಡೆ. ಏನೋ ಯೋಚ್ನೆ ಮಾಡ್ತಾ ಈ ಸಾಲಿಗೆ ಬಂದ್ಬಿಟ್ಟೆ. ಕೈ ತಪ್ಪಿತು.”

“ಲೋಟ ಬಿದ್ರೆ ಕೈ ತಪ್ಪಿತು ಅನ್ಬೇಕು. ಇದಕ್ಕೆ ಕೊಡಗಟ್ಟಲೆ ವೈನ್ ಹೋಗಿದೆ. ಅಷ್ಟೊತ್ತೂ ಕೈ ತಪ್ಪೇ ಇತ್ತಾ?”

ನನಗೆ ತಡೆಯಲಾಗಲಿಲ್ಲ. ನನ್ನ ಕಿಟಕಿ, ನನ್ನ ಕುರ್ಚಿ ಎಲ್ಲ ಆ ಪೀಪಾಯಿಯೊಳಗೆ ಮುಳುಗುವುದು ಕಣ್ಣಿಗೆ ಕಾಣುತ್ತಿತ್ತು. “ಹೆತ್ತ ಮಗಳದ್ದು ಕಣೇ ಅದು,” ಎಂದೆ. “ಹಾಳು ಮಾಡೋಕೆ ನಿನಗೆ ಬೇರೆ ಯಾವುದೂ ಸಿಗ್ಲಿಲ್ವಾ?”

“ಅಮ್ಮ, ಸಾಕು ಬಿಡು,” ಎಂದ ತಿಬೋ. ಅವನೂ ಹೆಂಡತಿಯ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದ.

ಹಬ್ಬದ ದಿನ ಅಣಬೆ ಹಾಕಿ ಕೋಳಿ ಮಾಡಿದ್ದೆ. ಅನ್ಸೆಲ್ಮ್ ತಲೆ ಎತ್ತದೆ ಉಂಡ. ಒಳಕೋಟಿನ ಎಡಜೇಬು ಉಬ್ಬಿಕೊಂಡೇ ಇತ್ತು. ಚೀಸ್ ತಟ್ಟೆ ಬಂದಾಗ ಚಾಕುವನ್ನು ಕೆಳಗಿಟ್ಟು, ಪಟ್ಟಣದ ವೈನ್ ವ್ಯಾಪಾರಿಯ ಜೊತೆ ಮಾತಾಡಿದ್ದೇನೆ, ತೋಟ ಮತ್ತು ನೆಲಮಾಳಿಗೆ ಅವನಿಗೆ, ಮನೆ ನಮಗೆ ಇರಲಿ ಎಂದ.

“ಮಾವ, ನನ್ನ ಮೇಲಿನ ಸಿಟ್ಟಿಗೆ ಮಾರ್ಬೇಡಿ,” ಎಂದಳು ಅಪೊಲಿನ್. “ನನಗೆ ಕೀಲಿಕೈ ಬೇಡ. ನಿಮ್ಮ ಹತ್ರಾನೇ ಇರ್ಲಿ. ನಾನು ಆಳಾಗಿ ಕೆಲಸ ಮಾಡ್ತೀನಿ.”

“ನಮ್ಮ ಮುತ್ತಜ್ಜನ ಮುತ್ತಜ್ಜ ತೋಡಿದ ನೆಲಮಾಳಿಗೆ ಕಣಮ್ಮ ಇದು. ಎಡ ಯಾವುದು ಬಲ ಯಾವುದು ಗೊತ್ತಿಲ್ದೋರ ಕೈಗೆ ಕೊಡೋದಕ್ಕಿಂತ ಮಾರಿ ಕೈ ತೊಳ್ಕೋತೀನಿ.”

ಮಾರಿದರೂ ನನಗೆ ಕುರ್ಚಿ ಸಿಗುತ್ತಿತ್ತು ಎನ್ನುವುದು ನಿಜ. ಆದರೆ ಆ ರಾತ್ರಿಯ ಪಾತ್ರೆ ತೊಳೆಯುತ್ತ ನನಗೆ ಸಂಕಟವಾಯಿತು. ಇಷ್ಟು ವರ್ಷ ಹತ್ತಿದ್ದು ಇಳಿದದ್ದು ಯಾವನೋ ವ್ಯಾಪಾರಿಗೋಸ್ಕರ ಅಂತಾದರೆ ದಣಿವಿಗೂ ಒಂದು ಮರ್ಯಾದೆ ಬೇಡವೇ. ಆ ಸಂಕಟವನ್ನೆಲ್ಲ ಸೊಸೆಯ ಮೇಲೆ ತೀರಿಸಿಕೊಂಡೆ. ಸಾರು ಉಪ್ಪಾದರೆ ಅವಳು, ಸೌದೆ ಹಸಿಯಾದರೆ ಅವಳು. “ನಿಮ್ಮೂರಲ್ಲಿ ಹೀಗೇನಾ?” ಅನ್ನುವುದು ನನ್ನ ಬಾಯಿಪಾಠವಾಯಿತು. ಅವಳು ಒಂದೂ ಎದುರು ಮಾತಾಡಲಿಲ್ಲ. ಅದೂ ನನಗೆ ಸಿಟ್ಟೇ.

ಆ ದಿನಗಳಲ್ಲಿ ಅನ್ಸೆಲ್ಮ್ ಎರಡು ಸಲ ನನ್ನನ್ನು ಮಾರ್ತ್ ಎಂದು ಕರೆದ. ಮಾರ್ತ್ ಅವನ ಅಕ್ಕ, ಸತ್ತು ಎಷ್ಟೋ ವರ್ಷವಾಯಿತು. ಬಳ್ಳಿ ಕತ್ತರಿಸುವ ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಹುಡುಕಿದ. ವಯಸ್ಸಾಯಿತು, ನನಗೂ ಹಾಗೇ ಆಗುತ್ತದೆ ಅಂದುಕೊಂಡು ಸುಮ್ಮನಾದೆ. ದಣಿದವರಿಗೆ ಹೆಚ್ಚು ಯೋಚಿಸುವುದು ಬೇಕಿರುವುದಿಲ್ಲ.

ವ್ಯಾಪಾರಿ ಸೋಮವಾರ ಬಂದು ಸಹಿ ಹಾಕಿಸಿಕೊಳ್ಳುವುದೆಂದು ಗೊತ್ತಾಯಿತು. ಅದಕ್ಕೆ ಹಿಂದಿನ ಶನಿವಾರ ಮಧ್ಯಾಹ್ನ, ಸೂಪು ಆರಿಹೋಗುತ್ತಿದೆ, ಇವನೆಲ್ಲಿ ಹಾಳಾಗಿ ಹೋದ ಎಂದು ಬೈದುಕೊಳ್ಳುತ್ತ ನೆಲಮಾಳಿಗೆಯ ಮೆಟ್ಟಿಲು ಇಳಿದೆ. ದೀಪ ಉರಿಯುತ್ತಿತ್ತು. ಅನ್ಸೆಲ್ಮ್ ಬೆನ್ನು ಹಾಕಿಕೊಂಡು ನಿಂತಿದ್ದ. ಸಣ್ಣಗೆ ಏನೋ ಗುನುಗುತ್ತಿದ್ದ. ಕೈಯಲ್ಲಿ ಉದ್ದ ಮೂತಿಯ ಕ್ಯಾನು. ಕಾಲ ಹತ್ತಿರ ತೆಗೆದಿಟ್ಟ ಬಿರಡೆ.

ಅವನು ನಿಂತಿದ್ದದ್ದು ಬಲಗಡೆಯ ಸಾಲಿನಲ್ಲಿ.

“ಏನ್ ಮಾಡ್ತಿದೀಯ?” ಎಂದೆ.

ತಿರುಗಿ ನೋಡಿ ನಕ್ಕ. ಎಷ್ಟು ತಿಳಿಯಾದ ನಗು ಅದು. “ಇವತ್ತು ಶನಿವಾರ ಅಲ್ವಾ? ತುಂಬಿಸ್ತಾ ಇದೀನಿ. ಒಂದು ವಾರ ಬಿಟ್ರೂ ಆ ಹುಡುಗಿ ಬೇಜಾರು ಮಾಡ್ಕೊಳ್ತಾಳೆ.” ಕ್ಯಾನಿನ ಮೂತಿಯನ್ನು ಪೀಪಾಯಿಯ ಬಾಯಿಗೆ ತಂದ.

ನನ್ನ ಕಾಲಿಗೆ ಓಡುವ ಶಕ್ತಿ ಇರಲಿಲ್ಲ. ನಾನು ಕೂಗುವಷ್ಟರಲ್ಲಿ ಹಿಂದಿನ ಬಾಗಿಲಿಂದ ಅಪೊಲಿನ್ ಬಂದಳು. ಅವಸರ ಮಾಡಲಿಲ್ಲ, ಗಾಬರಿಯೂ ಇಲ್ಲ. ಅವನ ಪಕ್ಕ ನಿಂತು ಕ್ಯಾನಿನ ಹಿಡಿಗೆ ಕೈ ಹಾಕಿದಳು.

“ಮಾವ, ಇಲ್ಲಿ ಕೊಡಿ, ಉಳಿದಿದ್ದು ನಾನು ಮಾಡ್ತೀನಿ. ಅತ್ತೆ ಸೂಪಿಗೆ ಕರೀತಿದಾರೆ.”

“ಪೂರ್ತಿ ಅಂಚಿಗೆ ಬರ್ಬೇಕು, ನೆನಪಿರ್ಲಿ,” ಎಂದು ಅವನು ಕ್ಯಾನು ಕೊಟ್ಟು, ನನ್ನ ತೋಳು ತಟ್ಟಿ, ಮೆಟ್ಟಿಲು ಹತ್ತಿ ಹೋದ.

ಅವಳು ಬಿರಡೆಯನ್ನು ಒರೆಸಿ, ಸದ್ದಾಗದ ಹಾಗೆ ಹಾಕಿದಳು. ಅವಳ ಕೈ ಆ ಕೆಲಸವನ್ನು ಮಾಡಿದ ರೀತಿಯಲ್ಲೇ ಗೊತ್ತಾಯಿತು, ಇದು ಮೊದಲನೇ ಶನಿವಾರ ಅಲ್ಲ ಎಂದು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. “ಸೆಲೆಸ್ತ್ ಪೀಪಾಯೀನೂ ಅವನೇ ತುಂಬ್ಸಿದ್ದಾ?”

“ಹೂಂ.”

“ನೀನು ನೋಡಿದ್ಯಾ?”

“ಇಲ್ಲ. ಆವತ್ತು ಬಿರಡೆ ತೆಗೆದಾಗ್ಲೇ ನನಗೂ ಗೊತ್ತಾಗಿದ್ದು. ನಾನಂತೂ ಮಾಡಿರ್ಲಿಲ್ಲ. ತಿಬೋ ಇಲ್ಲಿಗೆ ಬರಲ್ಲ. ನಿಮಗೆ ಇಳಿಯೋಕಾಗಲ್ಲ. ಮಾವ ಅಷ್ಟು ನೊಂದ್ಕೊಂಡು ಕೇಳ್ತಿದಾರೆ, ಆದ್ರೆ ಅವರಿಗೇ ನೆನಪಿಲ್ಲ ಅಂತ ಮುಖ ನೋಡಿದ್ರೆ ತಿಳೀತಿತ್ತು. ಆಮೇಲಿಂದ ಶನಿವಾರ ನಾನು ಹಿಂದೆ ಸೌದೆ ಕೋಣೇಲಿ ಕಾಯ್ತಾ ಇರ್ತೀನಿ. ಒಂದೊಂದ್ಸಲ ಸರಿಯಾಗಿ ಎಡಗಡೆಗೇ ಹೋಗ್ತಾರೆ. ಒಂದೊಂದ್ಸಲ ಇಲ್ಲ.”

“ಅಲ್ವೇ, ಇಷ್ಟು ದಿನ ನನ್ನ ಕೈಲಿ ಬಾಯಿಗೆ ಬಂದ ಹಾಗೆ ಬೈಸ್ಕೊಂಡ್ಯಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ 'ತಪ್ಪು ಮುಚ್ಕೊಳ್ಳೋಕೆ ಮಾವನ ಮೇಲೆ ಹಾಕ್ತಾಳೆ' ಅಂತ ನೀವೇ ಅಂತಿದ್ರಿ ಅತ್ತೆ.”

ಅಂತಿದ್ದೆ. ಖಂಡಿತ ಅಂತಿದ್ದೆ.

ಅವಳು ನನ್ನ ಪಕ್ಕ ಬಂದು ಕೂತಳು. “ಅವರಿಗೆ ಹೇಳ್ಬೇಡಿ. ಮಾರಿದ್ರೆ ಮಾರ್ಲಿ. ನಾನು ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ. ಸೊಸೆ ಹಾಳು ಮಾಡಿದ್ಳು ಅಂತ ಸಿಟ್ಟಾಗಿ ಬದುಕ್ಬಹುದು. ತಾನೇ ಹಾಳು ಮಾಡ್ದೆ ಅಂತ ಗೊತ್ತಾದ್ರೆ ಮಾವ ಹೆಂಗೆ ಬದುಕ್ತಾರೆ?”

ನಾನು ಮೇಲೆ ಹೋಗಿ ಅವನಿಗೆ ಸೂಪು ಬಿಸಿ ಮಾಡಿ ಕೊಟ್ಟೆ. ಅವನು ರುಚಿಯಾಗಿದೆ ಎಂದು ಎರಡು ಸಲ ಹಾಕಿಸಿಕೊಂಡ. ಆ ದಿನವಿಡೀ ಅವನ ಬೆನ್ನನ್ನೇ ನೋಡಿದೆ. ಈ ಮನುಷ್ಯನ ಜೊತೆ ಜಗಳವಾಡಿದ್ದೇನೆ, ಮಾತು ಬಿಟ್ಟಿದ್ದೇನೆ, ಒಮ್ಮೆ ತವರಿಗೆ ಹೋಗಿ ಕೂತಿದ್ದೂ ಉಂಟು. ಆದರೆ ಅವನನ್ನು ಪೆದ್ದನ ಹಾಗೆ ಒಂದು ದಿನವೂ ಕಂಡಿಲ್ಲ. ಅವನಿಗೆ ಗೊತ್ತಾಗದ ಹಾಗೆ ಅವನ ಮನೆತನವನ್ನು ಅವನ ಕೈಯಿಂದಲೇ ಮಾರಿಸುವುದು, ಪಾಪ ಅಂದುಕೊಂಡು ಸುಮ್ಮನೆ ನೋಡುವುದು, ಅದು ಕರುಣೆಯೋ ಮೋಸವೋ? ನನಗೆ ಮೋಸ ಅನ್ನಿಸಿತು. ಹೇಳದೆ ಇರಲು ಆಗುವುದಿಲ್ಲ, ಹೇಳಲು ಬಾಯಿ ಬರುವುದಿಲ್ಲ. ನನ್ನ ಜನ್ಮದಲ್ಲಿ ಅಷ್ಟು ದಣಿದಿದ್ದು ಆವತ್ತೇ ಇರಬೇಕು.

ಮರುದಿನ ಭಾನುವಾರ ಸೆಲೆಸ್ತಳನ್ನು ಪಕ್ಕದ ಮನೆಗೆ ಆಡಲು ಕಳಿಸಿದೆ. ಸಾಸೇಜು, ಆಲೂಗಡ್ಡೆ ಮಾಡಿದ್ದೆ. ನಾಲ್ವರೂ ಕೂತೆವು. ಬಡಿಸುವ ಮೊದಲೇ ಹೇಳಿಬಿಟ್ಟೆ, ಬಡಿಸಿದರೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು.

“ಅನ್ಸೆಲ್ಮ್, ಸೆಲೆಸ್ತ್ ಪೀಪಾಯಿ ತುಂಬ್ಸಿದ್ದು ಅಪೊಲಿನ್ ಅಲ್ಲ.”

ಅಪೊಲಿನ್ ಮೇಜಿನ ಕೆಳಗೆ ನನ್ನ ಕೈ ಹಿಡಿದು ಎಳೆದಳು. ನಾನು ಬಿಡಿಸಿಕೊಂಡೆ.

“ಮತ್ಯಾರು, ನೀನಾ?” ಎಂದು ಅವನು ನಕ್ಕ.

“ನೀನು.”

ಅವನು ಇನ್ನೂ ನಗುತ್ತಲೇ ತಿಬೋ ಕಡೆ ನೋಡಿದ. ತಿಬೋ ನನ್ನನ್ನು ನೋಡುತ್ತಿದ್ದ, ಅವನಿಗೂ ಅದು ಹೊಸದು. ಆಮೇಲೆ ಸೊಸೆಯ ಕಡೆ ತಿರುಗಿ, “ಏನಮ್ಮ, ನಿಮ್ಮತ್ತೆಗೆ ತಲೆ ಕೆಟ್ಟಿದ್ಯಾ?” ಎಂದ.

ಅಪೊಲಿನ್ ಮುಖ ಮುಚ್ಚಿಕೊಂಡಳು. ಆಗ ನಗು ನಿಂತಿತು.

“ನಿನ್ನೆ ನೀನು ಮತ್ತೆ ಹೋಗಿದ್ದೆ,” ಎಂದೆ. “ಬಲಗಡೆ ಸಾಲಿಗೆ. ಬಿರಡೆ ತೆಗೆದು ಕ್ಯಾನು ಎತ್ತಿದ್ದೆ. ನಾನು ಕಣ್ಣಾರೆ ನೋಡ್ದೆ. ಇವಳು ಬಂದು ಇಸ್ಕೊಂಡ್ಳು.”

“ನಿನ್ನೆ ನಾನು ತೋಟದಲ್ಲಿದ್ದೆ.”

“ಇಲ್ಲ ಕಣೋ.”

ಅವನು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟು, ಅವು ಯಾರದೋ ಅನ್ನುವ ಹಾಗೆ ನೋಡಿದ. ನನಗೆ ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ಏಳಲು ಆಗಲಿಲ್ಲ. ಕೊನೆಗೆ ಅವನು ಕೇಳಿದ್ದು ತನ್ನ ಬಗ್ಗೆ ಅಲ್ಲ.

“ಕೆನೆ ಪೂರ್ತಿ ಹೋಯ್ತಾ?”

“ಪೂರ್ತಿ ಹೋಯ್ತು ಮಾವ,” ಎಂದಳು ಅಪೊಲಿನ್. “ಸ್ವಲ್ಪ ವೈನ್ ಹೊರಗೆ ತೆಗೆದು ಜಾಗ ಬಿಟ್ಟಿದೀನಿ. ಮತ್ತೆ ಕಟ್ಟಿದ್ರೂ ಕಟ್ಬಹುದು. ಇಲ್ದಿದ್ರೆ ಬರೀ ಬಿಳಿ ವೈನ್ ಆಗುತ್ತೆ.”

“ನಿನ್ನ ತಲೆ ಮೇಲೆ ಯಾಕೆ ಹಾಕ್ಕೊಂಡೆ?”

“ಆವತ್ತು ನಿಮ್ಮ ಮುಖ ನೋಡೋಕಾಗ್ಲಿಲ್ಲ.”

ಅವನು ತಲೆ ಆಡಿಸಿದ. ಒಳಕೋಟಿನ ಎಡಜೇಬಿಗೆ ಕೈ ಹಾಕಿ ಕೀಲಿಕೈ ತೆಗೆದು, ಕೈ ಚಾಚಿ ಅವಳ ತಟ್ಟೆಯ ಪಕ್ಕ ಇಟ್ಟ. ಹಬ್ಬ ಮುಗಿದು ವಾರಗಳಾಗಿದ್ದವು, ತಟ್ಟೆಯಲ್ಲಿ ಇನ್ನೂ ಏನೂ ಇರಲಿಲ್ಲ. ಅಪ್ಪನಿಂದ ತೆಗೆದುಕೊಂಡಾಗ ನಡುಗಿದ್ದ ಆ ಕೈ ಕೊಡುವಾಗ ನಡುಗಲಿಲ್ಲ.

“ಬಡಿಸು ಓಡೀಲ್,” ಎಂದ ನನಗೆ. “ಆರಿಹೋಗುತ್ತೆ.”

ನಾನು ಬಡಿಸಿದೆ. ಅಪೊಲಿನ್ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಊಟ ಮಾಡಿದಳು. ಕಣ್ಣೀರು ಆಲೂಗಡ್ಡೆಯ ಮೇಲೆ ಬೀಳುತ್ತಿತ್ತು, ಆದರೂ ನಿಲ್ಲಿಸದೆ ತಿಂದಳು, ಪದ್ಧತಿ ಹಾಗಿದೆಯಲ್ಲ. ಊಟವಾದ ಮೇಲೆ ತಿಬೋ ವ್ಯಾಪಾರಿಗೆ ಫೋನ್ ಮಾಡಿ ಬರುವುದು ಬೇಡ ಎಂದು ಹೇಳಿದ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಅನ್ಸೆಲ್ಮ್ ಒಳಕೋಟು ಹಾಕಿಕೊಂಡು ಎಡಜೇಬು ತಡವಿದ. ಬಲಜೇಬು ತಡವಿದ. ಮತ್ತೆ ಎಡಜೇಬು.

“ಓಡೀಲ್, ನನ್ನ ಕೀಲಿಕೈ ಎಲ್ಲಿ?”

ನನ್ನ ಕೈಯಲ್ಲಿ ಕಾಫಿ ಪಾತ್ರೆ ಇತ್ತು. ಹಿಂದಿನ ದಿನ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ತ್ರಾಣ ಇರಲಿಲ್ಲ. ಬೀಗ ರಿಪೇರಿಯವನ ಹತ್ತಿರ ಕೊಟ್ಟಿದ್ದೇನೆ, ನಾಳೆ ಬರುತ್ತದೆ ಎಂದು ಸುಳ್ಳು ಹೇಳಿದೆ. ಅವನು ನಂಬಿದ. ಒಂದು ಗಳಿಗೆ ಕಳೆದ ಮೇಲೆ ಮತ್ತೆ ಜೇಬು ತಡವಿದ. ಆ ದಿನವೆಲ್ಲ ಡ್ರಾಯರು, ಹಾಸಿಗೆ, ಸೌದೆ ರಾಶಿ ಎಲ್ಲ ಕೆದಕಿ ಹುಡುಕಿದ. ಸಂಜೆ ಕೈ ನೋಡಿದರೆ ಉಗುರಿನ ತುಂಬ ಮಣ್ಣು. ತೋಟದಲ್ಲಿ ಬಿದ್ದಿರಬಹುದು ಎಂದು ಬಳ್ಳಿಗಳ ಬುಡ ಕೆರೆದಿದ್ದ. ಎಂದೋ ತೀರಿಹೋದ ಅಪ್ಪ ಬೈತಾನೆ ಎಂದು ಹೆದರಿದ್ದ.

ಅದಾದ ಮೇಲೆ ನಾನು ಸುಳ್ಳು ಹೇಳಿಲ್ಲ. ಲಿಫ್ಟ್ ಇರುವ ಮನೆ ಬೇರೆ ಯಾರಿಗೋ ಹೋಯಿತು. ಇವನಿಗೆ ಈ ಮನೆಯ ಮೆಟ್ಟಿಲುಗಳು ಕಣ್ಣು ಮುಚ್ಚಿದರೂ ಗೊತ್ತು, ಬೇರೆ ಕಡೆ ಬಚ್ಚಲು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನನ್ನ ಕುರ್ಚಿಯನ್ನು ಅಡುಗೆಮನೆಯಲ್ಲೇ ಹಾಕಿಕೊಂಡಿದ್ದೇನೆ, ನೆಲಮಾಳಿಗೆಯ ಬಾಗಿಲಿಗೆ ಎದುರಾಗಿ. ಅಪೊಲಿನ್ ಹತ್ತುತ್ತಾಳೆ, ಇಳಿಯುತ್ತಾಳೆ. ಸೆಲೆಸ್ತಳ ಪೀಪಾಯಿಯ ಬಗ್ಗೆ ಕೇಳಿದರೆ ಇನ್ನೂ ಏನೂ ಹೇಳಲಾಗುವುದಿಲ್ಲ ಅನ್ನುತ್ತಾಳೆ.

ಕೆಲವು ದಿನ ಅನ್ಸೆಲ್ಮನಿಗೆ ನೆನಪಿರುತ್ತದೆ. ಬಹುಪಾಲು ದಿನ ಇರುವುದಿಲ್ಲ. ಜೇಬು ತಡವಿ ಕೀಲಿಕೈ ಎಲ್ಲಿ ಎಂದು ಕೇಳಿದರೆ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಸೆಲೆಸ್ತ್ ಪೀಪಾಯಿ ನೀನು ತುಂಬಿಸಿದೆ ಅನ್ನುತ್ತೇನೆ. ಪ್ರತಿ ಸಲವೂ ಅವನು ಮೊದಲ ಸಲ ಕೇಳಿದ ಹಾಗೆ ಬಿಳಿಚಿಕೊಳ್ಳುತ್ತಾನೆ, ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಳ್ಳುತ್ತಾನೆ. ಕೆನೆ ಹೋಯಿತಾ ಎಂದು ಕೇಳುತ್ತಾನೆ. ಹುಡುಗಿ ತನ್ನ ಮೇಲೆ ಹಾಕಿಕೊಂಡಳಾ ಎಂದು ಕೇಳುತ್ತಾನೆ. ಹೌದು ಅನ್ನುತ್ತೇನೆ. ಅಷ್ಟು ಹೊತ್ತಿಗೆ ನನ್ನ ಜೀವ ಹಿಂಡಿಹೋಗಿರುತ್ತದೆ, ದಿನ ಇನ್ನೂ ಶುರುವಾಗಿರುವುದೇ ಇಲ್ಲ.

ಆಮೇಲೆ ಅವನು ಕಾಫಿ ಬಟ್ಟಲನ್ನು ನನ್ನ ಕಡೆ ಸರಿಸಿ ಹೇಳುತ್ತಾನೆ: “ಹಂಗಾದ್ರೆ ಕೀಲಿಕೈ ಅವಳಿಗೆ ಕೊಟ್ಬಿಡೋಣ ಓಡೀಲ್. ನಾನು ಕೇಳಿದ್ರೂ ವಾಪಸ್ ಕೊಡ್ಬೇಡಿ.”

ಎಷ್ಟು ಸಲ ಹೇಳಿದ್ದೇನೋ ನಾನು ಲೆಕ್ಕ ಇಟ್ಟಿಲ್ಲ. ಇಲ್ಲಿಯವರೆಗೆ ಒಂದು ದಿನವೂ ಅವನು ಬೇರೆ ಉತ್ತರ ಕೊಟ್ಟಿಲ್ಲ.